ಕಣ್ಣೀರಿನ ಚಿತ್ರಗಳೂ ನಾವೂ: ಒಬ್ಬ ಪ್ರೇಕ್ಷಕನ ಅಭಿಪ್ರಾಯ

ಹೋದ ತಿಂಗಳು ಒಂದು ರಾತ್ರಿ ನಮ್ಮ ಸಂಘದ ಕೋಣೆಯಲ್ಲಿ ‘ಸ್ಕೂಲ್ ಮಾಸ್ಟರ್’ ಚಿತ್ರ ತೋರಿಸಿದರು. ಗೋಡೆಗೆ ಬಿಳಿ ಪಂಚೆಯೊಂದನ್ನು ಬಿಗಿದು ಕಟ್ಟಿ ಅದರ ಮೇಲೆ ಬೆಳಕು ಬಿಟ್ಟದ್ದು. ಹೋಟೆಲಿನ ಬಾಗಿಲು ಮುಚ್ಚಿ, ಪಾತ್ರೆ ತೊಳೆದಿಟ್ಟು, ಮರುದಿನದ ಹಿಟ್ಟು ರುಬ್ಬಿಸಿ ಬಂದವರೇ ಅಲ್ಲಿ ಹೆಚ್ಚು. ಗಿರಣಿಗಳಲ್ಲಿ ದುಡಿದು ನಿವೃತ್ತರಾದ ಬಿಜಾಪುರ, ಗುಲ್ಬರ್ಗಾ ಕಡೆಯ ಹಿರಿಯರು ಐದಾರು ಮಂದಿ ಗೋಡೆಗೆ ಒರಗಿ ಕೂತಿದ್ದರು. ಚಿತ್ರ ಮುಗಿದು ದೀಪ ಹಾಕಿದಾಗ ಅನೇಕರು ಹೆಗಲ ಮೇಲಿನ ಟವೆಲಿನಿಂದ ಮುಖ ಒರಸಿಕೊಳ್ಳುತ್ತಿದ್ದರು, ಬೆವರು ಒರಸಿಕೊಳ್ಳುವವರಂತೆ. ಆಗ ಕಾಲೇಜು ಓದುವ ಒಬ್ಬ ಹುಡುಗ, ನಮ್ಮವರದೇ ಮಗ, ಎಲ್ಲರಿಗೂ ಕೇಳುವಂತೆ ಹೇಳಿದ: “ಇಷ್ಟು ಅಳುವುದಕ್ಕೆ ಇಷ್ಟು ಹೊತ್ತು ಕೂತಿರಬೇಕಾ? ಒಂದು ಕಿಲೋ ನೀರುಳ್ಳಿ ಕೊಯ್ದರೆ ಆಗುತ್ತಿತ್ತಲ್ಲ!”

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಹಾಸಿಗೆಗೆ ಹೋದ ಮೇಲೆ ಆ ಮಾತು ನನ್ನನ್ನು ಬಿಡಲಿಲ್ಲ. ನೀರುಳ್ಳಿ ಕೊಯ್ಯುವ ಕೆಲಸದಿಂದಲೇ ಈ ಪುಣೆಯಲ್ಲಿ ನನ್ನ ಬದುಕು ಶುರುವಾದದ್ದು. ಕುಂದಾಪುರದ ಕಡೆಯಿಂದ ಹನ್ನೆರಡು ವರ್ಷದ ಹುಡುಗನಾಗಿ ಬಂದ ನಾನು ಮೊದಲಿನ ತಿಂಗಳುಗಳಲ್ಲಿ ಆ ಕೆಲಸವನ್ನು ಕೇಳಿ ಪಡೆಯುತ್ತಿದ್ದೆ. ಕಾರಣ ನಮ್ಮಲ್ಲಿ ಅನೇಕರಿಗೆ ಗೊತ್ತಿದೆ. ನೀರುಳ್ಳಿ ಕೊಯ್ಯುವಾಗ ಅತ್ತರೆ ಯಾರೂ ಯಾಕೆಂದು ಕೇಳುವುದಿಲ್ಲ.

ಸಿನೆಮಾದ ಕತ್ತಲೆಯೂ ಅಂಥದೇ ಒಂದು ಅನುಕೂಲ. ನಮ್ಮ ಹೋಟೆಲು ಬದುಕಿನಲ್ಲಿ ಅಳುವುದಕ್ಕೆ ಒಂದು ಜಾಗ ಇರಲಿಲ್ಲ. ಮಲಗುವುದು ಹತ್ತು ಮಂದಿಯ ನಡುವೆ, ಏಳುವುದು ಒಲೆ ಹೊತ್ತಿಸುವ ಹೊತ್ತಿಗೆ, ನಡುವೆ ಎಲ್ಲ ಗಿರಾಕಿಗಳ ಎದುರು. ಗಿರಣಿಯ ಅಣ್ಣಂದಿರ ಚಾಳಿನ ಬಾಳೂ ಇದಕ್ಕಿಂತ ವಿಶಾಲವೇನಲ್ಲ. ಹೀಗಿರುವಲ್ಲಿ ಒಂಬತ್ತರ ಆಟಕ್ಕೆ ಹೋಗಿ, ಪರದೆಯ ಮೇಲಿನ ಯಾವಳೋ ತಾಯಿಯ ನೆಪದಲ್ಲಿ ತನ್ನ ತಾಯಿಗಾಗಿ ಅತ್ತು ಬರುವವನನ್ನು ಅಳುಮುಂಜಿ ಎಂದು ಹಾಸ್ಯ ಮಾಡುವುದು ಸುಲಭ. ಬಲ್ಲವರು ಇಂಥ ಚಿತ್ರಗಳನ್ನು ಕೀಳೆಂದು ಬರೆಯುತ್ತಾರೆ. ಬರೆಯಲಿ. ಕಣ್ಣೀರು ಬರಿಸುವುದರಿಂದಲೇ ಒಂದು ಚಿತ್ರ ಕೆಟ್ಟದಾಗುವುದಿಲ್ಲ ಎಂಬುದು ನನ್ನ ನಮ್ರ ಅಭಿಪ್ರಾಯ. ಆದರೆ ಎಲ್ಲ ಕಣ್ಣೀರೂ ಒಂದೇ ಬೆಲೆಯದಲ್ಲ ಎಂಬುದನ್ನೂ ಹೇಳಬೇಕಾಗಿದೆ. ಈ ಬರಹ ಅದರ ಸಲುವಾಗಿ.

ಮೊದಲು ‘ಸ್ಕೂಲ್ ಮಾಸ್ಟರ್’ ವಿಚಾರವನ್ನೇ ತೆಗೆದುಕೊಳ್ಳೋಣ. ಅದು 1958ರ ಚಿತ್ರ. ಬಿ. ಆರ್. ಪಂತುಲು ಅವರೇ ನಿರ್ದೇಶಿಸಿ, ಮೇಷ್ಟ್ರ ಪಾತ್ರವನ್ನೂ ವಹಿಸಿದರು. ಮೇಷ್ಟ್ರ ಹೆಂಡತಿಯಾಗಿ ಎಂ. ವಿ. ರಾಜಮ್ಮನವರು ಅಭಿನಯಿಸಿದರು. ಊರಿನ ಮಕ್ಕಳಿಗೆಲ್ಲ ವಿದ್ಯೆ ಕಲಿಸಿದ ಮೇಷ್ಟ್ರು ಮುಪ್ಪಿನಲ್ಲಿ ಮನೆ ಕಳೆದುಕೊಂಡು ಮಕ್ಕಳ ಆಶ್ರಯಕ್ಕೆ ಬೀಳುತ್ತಾರೆ. ಮಕ್ಕಳು ಹೆತ್ತವರನ್ನು ಹಂಚಿಕೊಳ್ಳುತ್ತಾರೆ. ಅಪ್ಪ ಒಂದು ಕಡೆ, ಅಮ್ಮ ಒಂದು ಕಡೆ. ಕೊನೆಗೆ ಕೈಹಿಡಿಯುವವನು ಹೊಟ್ಟೆಯ ಮಗನಲ್ಲ, ಹಳೆಯ ಶಿಷ್ಯ.

ಇದೇ ಬಗೆಯ ಕಥೆ ಮರಾಠಿಯಲ್ಲಿ ಅದಕ್ಕೂ ನಾಲ್ಕು ವರ್ಷ ಮೊದಲು, 1954ರಲ್ಲಿ, ‘ಊನ್ ಪಾವೂಸ್’ ಎಂಬ ಹೆಸರಿನಲ್ಲಿ ಬಂದಿತ್ತು. ಬಿಸಿಲು ಮಳೆ ಎಂದು ಆ ಹೆಸರಿನ ಅರ್ಥ. ರಾಜಾ ಪರಾಂಜಪೆಯವರ ಚಿತ್ರ, ಮೇಷ್ಟ್ರೂ ಅವರೇ. ಎರಡನ್ನೂ ನೋಡಿದವರಿಗೆ ಇವುಗಳ ನೆಂಟಸ್ತಿಕೆ ಎದ್ದು ಕಾಣುತ್ತದೆ. ನಮ್ಮ ಗಲ್ಲಿಯ ಮರಾಠಿ ಅಜ್ಜನಿಗೆ ನಾನು ನಮ್ಮ ಚಿತ್ರದ ಕಥೆ ಹೇಳುತ್ತ ಹೋದರೆ, ಅರ್ಧದಲ್ಲೇ ತಡೆದು ಮುಂದಿನದನ್ನು ಅವರೇ ಹೇಳಿ ಮುಗಿಸಿದರು. ಭಾಷೆಯ ವಿಷಯದಲ್ಲಿ, ಬೆಳಗಾವಿಯ ವಿಷಯದಲ್ಲಿ ನಾವಿಬ್ಬರೂ ಎಷ್ಟೋ ಸಲ ಮಾತು ನಿಲ್ಲಿಸಿದವರು. ಮೇಷ್ಟ್ರ ವಿಷಯದಲ್ಲಿ ಜಗಳವೇ ಇಲ್ಲ.

ಅಂದು ರಾತ್ರಿ ನಮ್ಮವರು ಅತ್ತದ್ದು ಎಲ್ಲಿ ಎಂದು ನಾನು ನೋಡಿದ್ದೇನೆ. ಮಕ್ಕಳ ಕೃತಘ್ನತೆಗೆ ಅಳಲಿಲ್ಲ. ಅದಕ್ಕೆ ಸಿಟ್ಟು ಬರುತ್ತದೆ, ಅಷ್ಟೆ. ಮುದುಕ ಮುದುಕಿ ಬೇರೆಯಾಗುವಲ್ಲಿ ಕೋಣೆ ತೆಪ್ಪಗಾಯಿತು. ಯಾಕೆಂದರೆ ನಮ್ಮಲ್ಲಿ ಹೆಂಡತಿ ಊರಿನಲ್ಲಿ, ಗಂಡ ಹೋಟೆಲಿನ ಅಟ್ಟದಲ್ಲಿ ಎಂಬ ಸಂಸಾರಗಳೇ ಹೆಚ್ಚು. ಮೂವತ್ತು, ನಲವತ್ತು ವರ್ಷಗಳ ದಾಂಪತ್ಯದಲ್ಲಿ ಒಟ್ಟಿಗೆ ಕಳೆದ ದಿನ ಎಣಿಸಿದರೆ ಮೂರು ನಾಲ್ಕು ವರ್ಷವೂ ಆಗದವರಿದ್ದಾರೆ. ಮೇಷ್ಟ್ರನ್ನೂ ಅವರ ಹೆಂಡತಿಯನ್ನೂ ಮಕ್ಕಳು ಬೇರೆ ಮಾಡಿದರು. ನಮ್ಮನ್ನು ಸಂಬಳ ಬೇರೆ ಮಾಡಿತು. ಯಾರನ್ನು ಬೈಯುವುದು? ಚಿತ್ರದಲ್ಲಾದರೆ ಬೈಯುವುದಕ್ಕೆ ಒಬ್ಬ ಮಗನಾದರೂ ಇದ್ದಾನೆ. ಪರದೆಯ ಮೇಲಿನ ಆ ಇಬ್ಬರನ್ನು ನೋಡಿ ಅತ್ತವನಿಗೆ ತನ್ನ ಮನೆಯ ಒಂದು ಸತ್ಯ ನೆನಪಾಗಿದೆ. ಇಂಥ ಕಣ್ಣೀರಿಗೆ ನನ್ನ ನಮಸ್ಕಾರ.

‘ಶ್ಯಾಮಚಿ ಆಯಿ’ಯ ಮಾತೂ ಇದೇ. ಸಾನೆ ಗುರೂಜಿಯವರು ತಮ್ಮ ತಾಯಿಯನ್ನು ನೆನೆದು ಬರೆದ ಪುಸ್ತಕ. ಆಚಾರ್ಯ ಅತ್ರೆಯವರು 1953ರಲ್ಲಿ ಅದನ್ನು ಚಿತ್ರ ಮಾಡಿದರು, ರಾಷ್ಟ್ರಪತಿಗಳ ಸ್ವರ್ಣಪದಕ ಮೊಟ್ಟಮೊದಲು ಸಿಕ್ಕಿದ್ದು ಅದಕ್ಕೇ. ಓದಲೆಂದು ದೂರ ಹೋದ ಮಗ ಬರುವಷ್ಟರಲ್ಲಿ ತಾಯಿ ಇರುವುದಿಲ್ಲ. ನಾನು ಮಾಣಿಯಾಗಿದ್ದ ಒಂದು ಹೋಟೆಲಿನಲ್ಲಿ, ಹೆಸರು ಬೇಡ, ಒಬ್ಬ ಹುಡುಗನಿಗೆ ಊರಿನಿಂದ ತಂತಿ ಬಂದಿತ್ತು. ಬೆಳಿಗ್ಗೆ ಬಂದ ತಂತಿಯನ್ನು ಗಲ್ಲಾದ ಒಳಗೆ ಇಟ್ಟು ಸಂಜೆ ಗಿರಾಕಿಗಳ ಭರ ಇಳಿದ ಮೇಲೆ ಕೊಟ್ಟರು. ರಾತ್ರಿಯ ಬಸ್ಸು ಅಷ್ಟರಲ್ಲಿ ಹೋಗಿತ್ತು. ಆ ಹುಡುಗ ಮುಂದೆ ಎಷ್ಟೋ ಚಿತ್ರಗಳನ್ನು ನನ್ನೊಡನೆ ನೋಡಿದ, ತಾಯಿ ಸಾಯುವ ದೃಶ್ಯದಲ್ಲಿ ಎಂದೂ ಅಳಲಿಲ್ಲ. ಪರದೆಯ ಮೇಲೆ ಯಾರಾದರೂ ಬಸ್ಸಿಗಾಗಿ ಓಡಿದರೆ ಮಾತ್ರ ಎದ್ದು ಹೊರಗೆ ಹೋಗುತ್ತಿದ್ದ.

ಇಷ್ಟು ಹೇಳಿದ ಮೇಲೆ ನನ್ನ ತಕರಾರಿಗೆ ಬರುತ್ತೇನೆ. ನನ್ನ ತಕರಾರು ‘ಊರಿನ ಚಿತ್ರ’ಗಳ ಮೇಲೆ. ಹಸುರು ಗದ್ದೆ, ಎತ್ತಿನ ಗಾಡಿ, ಬಾವಿಕಟ್ಟೆ, ಜಾತ್ರೆ, ತೆಂಗಿನ ತೋಟ, ಬಾಗಿಲಲ್ಲಿ ಕಾಯುವ ತಾಯಿ. ಪಟ್ಟಣವೆಂದರೆ ಅದರಲ್ಲಿ ಕುಡಿತ, ಮೋಸ, ಬಿಗಿ ಉಡುಪು. ಊರು ಬಿಟ್ಟು ಹೋದವನು ಒಂದೋ ಕೆಟ್ಟುಹೋಗುತ್ತಾನೆ, ಇಲ್ಲವೆ ಕಡೆಯ ರೀಲಿನಲ್ಲಿ ತಪ್ಪೊಪ್ಪಿಕೊಂಡು ತಾಯಿಯ ಕಾಲಿಗೆ ಬೀಳುತ್ತಾನೆ. ಇಂಥ ಚಿತ್ರಗಳನ್ನು ಊರಿನವರಿಗಿಂತ ಹೆಚ್ಚು ಆಸೆಯಿಂದ ನೋಡುವವರು ಊರು ಬಿಟ್ಟ ನಾವೇ. ಕಾಲಿಗೆ ಬೀಳುವ ಮಗನನ್ನು ನೋಡಿ ನಾವೂ ಮನಸ್ಸಿನಲ್ಲೇ ಬೀಳುತ್ತೇವೆ, ತಪ್ಪೇನು ಮಾಡಿದೆವೆಂದು ಕೇಳಿಕೊಳ್ಳುವುದೇ ಇಲ್ಲ.

‘ಬಂಗಾರದ ಮನುಷ್ಯ’ನ ಮೇಲೆ ಯಾರಾದರೂ ಬೆರಳು ತೋರಿಸಿದರೆ ನಮ್ಮಲ್ಲಿ ಜಗಳವಾದೀತು. ಆದರೂ ಅದನ್ನೇ ತೆಗೆದುಕೊಳ್ಳುತ್ತೇನೆ, ಯಾಕೆಂದರೆ ಅದು ಆ ಜಾತಿಯ ಚಿತ್ರಗಳಲ್ಲೆಲ್ಲ ಉತ್ತಮವಾದದ್ದು. ಟಿ. ಕೆ. ರಾಮರಾಯರ ಕಾದಂಬರಿ, ಸಿದ್ಧಲಿಂಗಯ್ಯನವರ ನಿರ್ದೇಶನ, ರಾಜಕುಮಾರ್ ಅವರ ರಾಜೀವ. 1972ರಲ್ಲಿ ತೆರೆಗೆ ಬಂದು ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಭಾವ ಸತ್ತು ದಿಕ್ಕಿಲ್ಲದ ಅಕ್ಕನ ಸಂಸಾರವನ್ನು ರಾಜೀವ ಹೆಗಲಿಗೆ ಹಾಕಿಕೊಳ್ಳುತ್ತಾನೆ. ಕಲ್ಲುಭೂಮಿಯನ್ನು ಒಡೆದು ನೀರು ತರಿಸುತ್ತಾನೆ, ಚಿನ್ನ ಬೆಳೆಯುತ್ತಾನೆ. ಅದನ್ನು ನೋಡಿ ಪೇಟೆ ಬಿಟ್ಟು ಹೊಲಕ್ಕೆ ಮರಳಿದ ಯುವಕರಿದ್ದರೆಂದು ಹೇಳುತ್ತಾರೆ. ಒಳ್ಳೆಯದೇ ಆಯಿತು.

ಆದರೆ ಅದೇ 1972ರಲ್ಲಿ ಮಹಾರಾಷ್ಟ್ರಕ್ಕೂ ನಮ್ಮ ಬಿಜಾಪುರ ಸೀಮೆಗೂ ಭೀಕರ ಬರ ಬಿದ್ದಿತ್ತು. ಬಾವಿ ತೋಡಿದವರಿಗೆ ಕಲ್ಲು ಸಿಕ್ಕಿತೇ ಹೊರತು ನೀರು ಸಿಗಲಿಲ್ಲ. ದನಗಳನ್ನು ಬಿಟ್ಟು, ಮನೆಗೆ ಬೀಗ ಹಾಕಿ, ರಸ್ತೆಯ ಜಲ್ಲಿ ಒಡೆಯಲು ಬಂದ ಸಂಸಾರಗಳು ಪುಣೆಗೂ ಬಂದವು. ಅವರಲ್ಲಿ ಒಬ್ಬರು ಗಿರಣಿ ಸೇರಿ ನಮ್ಮ ಸಂಘದ ಸದಸ್ಯರೂ ಆಗಿದ್ದರು. ಚಿತ್ರ ನೋಡಿ ಬಂದು ಅವರು ಹೇಳಿದ್ದು ನನಗೆ ಇಂದಿಗೂ ನೆನಪಿದೆ: “ಛಲೋ ಐತ್ರಿ. ಆದ್ರ ಅವನ ಹೊಲದಾಗ ನೀರು ಬಿತ್ತು, ನಮ್ಮದರಾಗ ಬೀಳಲಿಲ್ಲ. ನಾವು ಮೈಗಳ್ಳರಾಗಿದ್ದಿಲ್ರಿ.” ಮನಸ್ಸು ಮಾಡಿದರೆ ಊರಿನಲ್ಲೇ ಬದುಕಬಹುದಿತ್ತು ಎಂದು ಚಿತ್ರ ಹೇಳುತ್ತದೆ. ಹಾಗಾದರೆ ಊರು ಬಿಟ್ಟವರು ಮನಸ್ಸು ಮಾಡದವರೋ?

ಇನ್ನೊಂದು ಮಾತು. ಚಿತ್ರದಲ್ಲಿ ಪೇಟೆಗೆ ಹೋಗಿ ಓದಿ ಬಂದ ಅಕ್ಕನ ಮಗ ದುಡಿದ ಸೋದರಮಾವನಿಗೇ ಎದುರು ನಿಲ್ಲುತ್ತಾನೆ. ಊಟಕ್ಕೆ ಕೂತಾಗ ಆಡಬಾರದ ಮಾತು ಆಡುತ್ತಾನೆ. ರಾಜೀವ ಎಲೆ ಬಿಟ್ಟು ಏಳುತ್ತಾನೆ, ಉಟ್ಟ ಬಟ್ಟೆಯಲ್ಲಿ ಹೊರಟುಹೋಗುತ್ತಾನೆ. ಪೇಟೆಯವನು ಕೃತಘ್ನ, ಊರಿನಲ್ಲಿ ಉಳಿದವನು ತ್ಯಾಗಿ. ನಮ್ಮ ಕರಾವಳಿಯಲ್ಲಿ ಇದನ್ನು ತಿರುಗಿಸಿ ಓದಬೇಕು. ಅಳಿಯಕಟ್ಟಿನ ಮನೆಗಳಲ್ಲಿ ಮಾವ ಅಕ್ಕತಂಗಿಯರ ಮಕ್ಕಳಿಗಾಗಿ ದುಡಿಯುವುದು ಹೊಸ ಕಥೆಯಲ್ಲ, ಅದೇ ಕಟ್ಟುಕಟ್ಟಳೆ. ಆ ಮಾವ ದುಡಿದದ್ದು ಮಾತ್ರ ಗದ್ದೆಯಲ್ಲಲ್ಲ, ಮುಂಬಯಿಯಲ್ಲಿ, ಪುಣೆಯಲ್ಲಿ, ಒಲೆಯ ಮುಂದೆ. ನಮ್ಮೂರಿನ ಎಷ್ಟು ಬಾವಿಗಳನ್ನು ತೋಡಿದ್ದು ಮನಿಯಾರ್ಡರು! ಎಷ್ಟು ಹುಲ್ಲಿನ ಮಾಡು ಹೆಂಚಾದದ್ದು, ಎಷ್ಟು ತಂಗಿಯರ ಧಾರೆ ಎರೆದದ್ದು, ಎಷ್ಟು ಕೋಲ, ನೇಮ, ಬಯಲಾಟದ ಖರ್ಚು ನಡೆದದ್ದು ಈ ಊರಿನ ಗಲ್ಲಾದ ಮುಂದೆ ಎಣಿಸಿ ಕಳಿಸಿದ ನೋಟಿನಿಂದ! ಊರಿನ ಚಿತ್ರದಲ್ಲಿ ಬಾವಿ ಇದೆ, ಮನೆ ಇದೆ, ಜಾತ್ರೆ ಇದೆ. ಅಂಚೆಯವನು ಮಾತ್ರ ತಂತಿ ತರುವುದಕ್ಕಷ್ಟೇ ಬರುತ್ತಾನೆ.

ನನ್ನ ಜೊತೆ ಕೆಲಸ ಮಾಡಿದ ಹಿರಿಯ ಅಡುಗೆಯವರೊಬ್ಬರು ಮೂವತ್ತೊಂದು ವರ್ಷ ಹಣ ಕಳಿಸಿದರು. ಕೆಂಪುಕಲ್ಲಿನ ಮನೆ ಎದ್ದಿತು. ಮೂವರು ತಂಗಿಯರ ಮದುವೆಯಾಯಿತು. ತಮ್ಮನ ಮಕ್ಕಳು ಓದಿದರು. ಮಂಡಿ ಹಿಡಿದುಕೊಂಡ ಮೇಲೆ ಇವರು ಊರಿಗೆ ಹೋದರೆ, ಪಾಲಿನ ಮಾತಿನಲ್ಲಿ ಇವರಿಗೆ ಬಂದದ್ದು ಚಾವಡಿಯ ಪಕ್ಕದ, ತೆಂಗಿನಕಾಯಿ ಹಾಕುವ ಕೋಣೆ. ಎರಡು ಮಳೆಗಾಲ ಇದ್ದು ಮತ್ತೆ ಪುಣೆಗೆ ಬಂದರು. ಅವರು ‘ಬಂಗಾರದ ಮನುಷ್ಯ’ನನ್ನು ಎಷ್ಟು ಸಲ ನೋಡಿದ್ದರೋ! ಪ್ರತಿ ಸಲವೂ ರಾಜೀವ ಎಲೆ ಬಿಟ್ಟು ಏಳುವವರೆಗೆ ಕೂತಿದ್ದು, ಅಲ್ಲಿಗೆ ತಾವೂ ಎದ್ದು ಬೀಡಿ ಹಚ್ಚಲು ಹೊರಗೆ ಹೋಗುತ್ತಿದ್ದರು. “ಯಾಕೆ ಮಾರಾಯ್ರೆ, ಮುಂದಿನದು ನೋಡುವುದಿಲ್ಲವಾ?” ಎಂದರೆ, “ಮುಂದಿನದು ನಂಗೆ ಗೊತ್ತುಂಟು” ಎನ್ನುತ್ತಿದ್ದರು.

ಚಿತ್ರ ಮಾಡಿದವರ ಮನಸ್ಸಿನಲ್ಲಿ ಈ ಅಡುಗೆಯವರು ಇರಲಿಲ್ಲ. ಆದರೂ ಚಿತ್ರ ಅವರನ್ನು ಮುಟ್ಟಿತು. ಅದಕ್ಕಾಗಿಯೇ ನಾನು ಅದನ್ನು ಪೂರ್ತಿ ತಳ್ಳಿಹಾಕಲಾರೆ. ಎಲೆ ಬಿಟ್ಟೇಳುವ ಆ ಒಂದು ದೃಶ್ಯದಲ್ಲಿ, ದುಡಿದವನಿಗೆ ದುಡಿಮೆ ಮುಗಿದ ಮೇಲೆ ಏನಾಗುತ್ತದೆ ಎಂಬ ನಿಜ ಸಂಗತಿ ಇದೆ. ಉಳಿದ ಹಸುರಿನಲ್ಲಿ ಅದು ಇಲ್ಲ.

‘ಕಸ್ತೂರಿ ನಿವಾಸ’ದ ವಿಚಾರದಲ್ಲಿ ನಾನು ಇಷ್ಟು ಉದಾರಿಯಲ್ಲ. ಬೈಯುವವರು ಬೈಯಲಿ. 1971ರ ದೊರೆ-ಭಗವಾನ್ ಚಿತ್ರ. 2014ರಲ್ಲಿ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಿದಾಗಲೂ ಜನ ಮುಗಿಬಿದ್ದರು. ಕಡ್ಡಿಪೆಟ್ಟಿಗೆ ಕಾರ್ಖಾನೆಯ ಧಣಿ ಕೊಟ್ಟು ಕೊಟ್ಟು ಬರಿಗೈಯಾಗುತ್ತಾನೆ, ಕೊನೆಗೆ ಸಾಕಿದ ಪಾರಿವಾಳವೂ ಉಳಿಯುವುದಿಲ್ಲ. ರಾಜಕುಮಾರ್ ಅವರ ಅಭಿನಯಕ್ಕೆ ಕಲ್ಲೂ ಕರಗೀತು, ಒಪ್ಪಿದೆ. ನಾನೂ ಅತ್ತಿದ್ದೇನೆ. ಹೊರಗೆ ಬಂದು ಚಹಾ ಕುಡಿಯುವಾಗ ಒಂದು ಪ್ರಶ್ನೆ ಬಂತು. ಆ ಕಾರ್ಖಾನೆಯಲ್ಲಿ ಕಡ್ಡಿಗೆ ಮದ್ದು ಅದ್ದುತ್ತಿದ್ದವರು ಯಾರು? ಅವರ ಮನೆ ಯಾವ ಬೀದಿಯಲ್ಲಿತ್ತು? ಧಣಿ ಬಿದ್ದಾಗ ಅವರ ಬಾಕಿ ಸಂಬಳ ಏನಾಯಿತು? ಪಾರಿವಾಳದ ನೆನಪು ನನಗೆ ಚೆನ್ನಾಗಿದೆ, ಅವರದು ಒಂದೂ ಇಲ್ಲ. ಧಣಿಯ ಔದಾರ್ಯಕ್ಕೆ ಕೂಲಿಕಾರನಿಂದಲೇ ಕಣ್ಣೀರು ವಸೂಲು ಮಾಡಿದ ಚಿತ್ರ ಅದು. ನಮ್ಮ ಹೋಟೆಲುಗಳಲ್ಲಿಯೂ ಈ ಬಗೆಯ ಔದಾರ್ಯವನ್ನು ಬಲ್ಲೆವು. ಹಬ್ಬಕ್ಕೆ ಪಂಚೆ ಕೊಡುತ್ತಾರೆ, ಮದುವೆಗೆ ಕೈಗಡ ಕೊಡುತ್ತಾರೆ, ಒಳ್ಳೆಯವರೇ. ಪಿ.ಎಫ್. ಎಂದು ಕೇಳಿದ ದಿನ ಮಾತ್ರ ಮುಖ ಬೇರೆಯಾಗುತ್ತದೆ.

ಈ ಅಳುವ ಚಿತ್ರಗಳಿಗೆ ನಮ್ಮ ಪುಣೆಯಲ್ಲೇ ಬಹಳ ಹಿಂದೆ ಒಂದು ಉತ್ತರ ಹುಟ್ಟಿತ್ತು. 1935ರಲ್ಲಿ ಕಲ್ಕತ್ತೆಯಿಂದ ‘ದೇವದಾಸ’ ಬಂದು ದೇಶವನ್ನೆಲ್ಲ ಅಳಿಸಿತು. ಪ್ರೇಮ ಸಿಗಲಿಲ್ಲ, ಕುಡಿದು ಸತ್ತ. ಇದನ್ನು ನೋಡಿ ಯುವಕರು ತಾವೂ ಸಾಯಬೇಕೆಂದುಕೊಂಡರಂತೆ. ಪ್ರಭಾತ್ ಕಂಪನಿಯ ವಿ. ಶಾಂತಾರಾಮರಿಗೆ ಇದು ಸರಿಬೀಳಲಿಲ್ಲ. ಈ ಶಾಂತಾರಾಮರು ಹುಡುಗರಾಗಿದ್ದಾಗ ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ ದುಡಿದವರು, ಅಲ್ಲಿನ ಸಿನೆಮಾ ಮಂದಿರದ ಬಾಗಿಲಲ್ಲಿ ನಿಂತವರು ಎಂಬುದನ್ನು ನಮ್ಮವರು ತಿಳಿದಿರಲಿ. 1939ರಲ್ಲಿ ಅವರು ‘ಮಾಣೂಸ್’ ತೆಗೆದರು, ಹಿಂದಿಯಲ್ಲಿ ‘ಆದ್ಮೀ’. ಒಬ್ಬ ಬಡ ಪೋಲೀಸು ಪೇದೆ, ಒಬ್ಬ ವೇಶ್ಯೆ. ಆಕೆಯ ಪಾತ್ರಕ್ಕೆ ನಿಂತವರು ನಮ್ಮ ಹುಬ್ಬಳ್ಳಿ ಸೀಮೆಯ ಹೆಣ್ಣುಮಗಳು ಶಾಂತಾ ಹುಬಳೀಕರ್. ಅದರಲ್ಲಿಯೂ ದುಃಖವಿದೆ, ಬೇಕಾದಷ್ಟಿದೆ. ಅವಳು ಸೆರೆಮನೆಗೆ ಹೋಗುತ್ತಾಳೆ, ಇವನ ಪ್ರೇಮ ಮಣ್ಣುಪಾಲಾಗುತ್ತದೆ. ಆದರೆ ಪೇದೆ ಸಾಯುವುದಿಲ್ಲ, ಬದುಕುತ್ತಾನೆ. ನಡುವೆ ಆಗಿನ ಪ್ರೇಮದ ಚಿತ್ರಗಳನ್ನು ಅಣಕಿಸಿ ನಗಿಸುವ ದೃಶ್ಯವೂ ಇದೆ. ಪ್ರಭಾತ್ ಕಂಪನಿ 1953ರಲ್ಲಿ ಮುಚ್ಚಿತು; ಆ ಜಾಗದಲ್ಲಿ 1960ರಿಂದ ಫಿಲ್ಮ್ ಇನ್‌ಸ್ಟಿಟ್ಯೂಟ್ ಇದೆ. ನಮ್ಮ ಗಿರೀಶ ಕಾಸರವಳ್ಳಿಯವರು ಕಲಿತದ್ದೂ ಅಲ್ಲಿಯೇ. ಅಲ್ಲಿಯ ವಿದ್ಯಾರ್ಥಿಗಳಿಗೆ ಇಡ್ಲಿ ಕೊಟ್ಟವರು ನಾವು, ಸಾಲ ಬರೆದುಕೊಂಡವರೂ ನಾವು. ಅವರು ತೆಗೆಯುವ ಚಿತ್ರ ನಮಗೆ ಅರ್ಥವಾಗುವುದಿಲ್ಲ ಎಂದು ನಮ್ಮಲ್ಲಿ ದೂರುವವರಿದ್ದಾರೆ. ಕೆಲವು ನನಗೂ ಅರ್ಥವಾಗಲಿಲ್ಲ. ಅದು ಬೇರೆ ಮಾತು.

ಊರಿನ ವಿಷಯದಲ್ಲಿ ನನ್ನ ಕಣ್ಣು ತೆರೆಸಿದ ಚಿತ್ರ ‘ಚೋಮನ ದುಡಿ’. ಶಿವರಾಮ ಕಾರಂತರ ಕಾದಂಬರಿ 1933ರದು, ಬಿ. ವಿ. ಕಾರಂತರು ಅದನ್ನು 1975ರಲ್ಲಿ ಚಿತ್ರ ಮಾಡಿದರು. ಅದು ನಮ್ಮದೇ ಜಿಲ್ಲೆ, ನಮ್ಮದೇ ಗದ್ದೆ, ನಮ್ಮದೇ ಮಳೆ. ಎಂ. ವಿ. ವಾಸುದೇವರಾಯರು ಚೋಮನಾಗಿ ದುಡಿ ಬಾರಿಸುತ್ತಾರೆ. ಚೋಮನಿಗೆ ಎರಡು ಎತ್ತುಗಳಿವೆ, ಉಳಲು ಸ್ವಂತಕ್ಕೆ ಒಂದು ತುಂಡು ಗದ್ದೆ ಬೇಕೆಂಬ ಆಸೆ ಇದೆ. ಹುಟ್ಟಿದ ಜಾತಿಯ ಕಾರಣಕ್ಕೆ ಅದು ಅವನಿಗೆ ದಕ್ಕುವುದಿಲ್ಲ. ಸಾಲ ತೀರಿಸಲು ಮಕ್ಕಳು ಘಟ್ಟ ಹತ್ತಿ ಕಾಫಿ ತೋಟಕ್ಕೆ ಹೋಗುತ್ತಾರೆ. ನಾವು ಸಿನೆಮಾದ ಗದ್ದೆ ನೋಡಿ ‘ನಮ್ಮೂರು, ನಮ್ಮೂರು’ ಎಂದು ಹಂಬಲಿಸುವಾಗ ಆ ಗದ್ದೆ ಯಾರದು ಎಂದು ಕೇಳಿದೆವೆ? ನನ್ನ ತಂದೆ ಗೇಣಿ ಒಕ್ಕಲು. ಅಕ್ಕಿ ಅಳೆದು ಕೊಟ್ಟ ಮೇಲೆ ಉಳಿದದ್ದು ಆರು ತಿಂಗಳಿಗೆ ಸಾಲುತ್ತಿರಲಿಲ್ಲ. ಅದಕ್ಕೇ ನನ್ನನ್ನು ಬಸ್ಸು ಹತ್ತಿಸಿದ್ದು. 1974ರ ಭೂಸುಧಾರಣೆಯ ಕಾನೂನು ಬಂದು ನಮಗೆ ಒಂದಿಷ್ಟು ಭೂಮಿ ಆಯಿತು, ಆಗ ನಾನು ಇಲ್ಲಿ ಸಪ್ಲೈಯರ್ ಆಗಿದ್ದೆ. ನಮ್ಮ ಗದ್ದೆಯಲ್ಲಿ ನಟ್ಟಿ ಮಾಡುತ್ತಿದ್ದವರಿಗೆ ಮಾತ್ರ ಆಗಲೂ ಏನೂ ಸಿಗಲಿಲ್ಲ. ಅವರ ಮಕ್ಕಳಿಗೂ ಊರಿನ ನೆನಪು ಇರಬೇಕಲ್ಲ? ಅದನ್ನು ಯಾವ ಹಸುರು ಬಣ್ಣದಲ್ಲಿ ತೋರಿಸುತ್ತಾರೆ?

ಬಿಮಲ್ ರಾಯರ ‘ದೋ ಬಿಘಾ ಜಮೀನ್’ (1953) ಚಿತ್ರವನ್ನೂ ಇಲ್ಲಿ ನೆನೆಯಬೇಕು. ಎರಡು ಬಿಘಾ ಹೊಲ ಉಳಿಸಿಕೊಳ್ಳಲು ಕಲ್ಕತ್ತೆಗೆ ಬಂದು ರಿಕ್ಷಾ ಎಳೆಯುವ ರೈತ. ಬಲರಾಜ್ ಸಾಹನಿಯವರು ಆ ರೈತ. ಮರಳಿ ಬಂದಾಗ ಅವನ ಹೊಲದ ಮೇಲೆ ಗಿರಣಿ ಎದ್ದಿರುತ್ತದೆ. ಅಲ್ಲಿಂದ ಒಂದು ಹಿಡಿ ಮಣ್ಣು ತೆಗೆದುಕೊಳ್ಳಲೂ ಕಾವಲುಗಾರ ಬಿಡುವುದಿಲ್ಲ. ಇಲ್ಲಿಯೂ ಊರಿನ ಹಂಬಲವಿದೆ, ಆದರೆ ಲೆಕ್ಕ ಸಮೇತ ಇದೆ. ಎಷ್ಟು ಸಾಲ, ಎಷ್ಟು ದಿನ, ಒಂದು ಸವಾರಿಗೆ ಎಷ್ಟು ಕಾಸು. ನಮ್ಮ ಗಿರಣಿಯ ಅಣ್ಣಂದಿರಿಗೆ ಆ ಕಥೆಯ ಮುಂದಿನ ಭಾಗವೂ ಗೊತ್ತು. ಪುಣೆ ಸ್ಟೇಷನ್ನಿನ ಹತ್ತಿರ ರಾಜಾಬಹಾದ್ದೂರ್ ಗಿರಣಿ ಇದ್ದಲ್ಲಿ ಇಂದು ಕಚೇರಿಗಳೂ ಬಣ್ಣದ ದೀಪದ ಹೋಟೆಲುಗಳೂ ಇವೆ. ಹೊಲದ ಮೇಲೆ ಗಿರಣಿ ಬಂದದ್ದನ್ನು ಚಿತ್ರ ತೆಗೆದರು. ಗಿರಣಿಯ ಮೇಲೆ ಊಟದ ಹೋಟೆಲು ಬಂದದ್ದನ್ನು ಯಾರಾದರೂ ತೆಗೆದರೆ ನಮ್ಮ ಎರಡು ಜಾತಿಯ ಕೆಲಸಗಾರರೂ ಒಂದೇ ಬೆಂಚಿನಲ್ಲಿ ಕೂತು ನೋಡಬಹುದು.

ಇನ್ನು ಈಚಿನ ಒಂದು ಚಿತ್ರ. ಇದರಲ್ಲಿ ತಪ್ಪು ಚಿತ್ರದ್ದಲ್ಲ, ನಮ್ಮದು. 2018ರಲ್ಲಿ ರಿಷಬ್ ಶೆಟ್ಟರು ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು, ಕೊಡುಗೆ: ರಾಮಣ್ಣ ರೈ’ ತೆಗೆದರು. ಅತ್ಯುತ್ತಮ ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿಯೂ ಬಂತು. 1956ರಲ್ಲಿ ಕೇರಳಕ್ಕೆ ಸೇರಿಹೋದ ಕಾಸರಗೋಡಿನಲ್ಲಿ ಒಂದು ಕನ್ನಡ ಶಾಲೆ ಮುಚ್ಚುವ ಸಂಕಟಕ್ಕೆ ಬರುತ್ತದೆ, ಮಕ್ಕಳೇ ಅದನ್ನು ಉಳಿಸಿಕೊಳ್ಳಲು ಹೊರಡುತ್ತಾರೆ. ನಗೆಯೂ ಇದೆ, ಕಣ್ಣೀರೂ ಇದೆ. ನಾವು ಹನ್ನೊಂದು ಮಂದಿ ಒಟ್ಟಾಗಿ ಹೋಗಿ ನೋಡಿದೆವು. ಮಕ್ಕಳಿಗೆ ಶಾ಼ಲೆ ಉಳಿದಾಗ ಚಪ್ಪಾಳೆ ಹೊಡೆದು ಹೊಡೆದು ಕೈ ಕೆಂಪಾಯಿತು. ಮನೆಗೆ ಬರುವಾಗ ನಾನು ಲೆಕ್ಕ ಹಾಕಿದೆ. ಆ ಹನ್ನೊಂದು ಮಂದಿಯ ಮಕ್ಕಳು ಮೊಮ್ಮಕ್ಕಳಲ್ಲಿ ಕನ್ನಡ ಓದಲು ಬರೆಯಲು ಬರುವವರು ಇಬ್ಬರು. ನನ್ನ ಮೊಮ್ಮಗಳು ಆ ಇಬ್ಬರಲ್ಲಿ ಒಬ್ಬಳಲ್ಲ. ಆಕೆಗೆ ಕನ್ನಡ ಕಲಿಸುತ್ತೇನೆಂದು ಅಂದು ರಾತ್ರಿ ಸೊಸೆಗೆ ಹೇಳಿದೆ; ಅಕ್ಷರಮಾಲೆಯ ಪುಸ್ತಕವನ್ನೂ ತರಿಸಿದೆ. ‘ಠ’ದವರೆಗೆ ಬಂದು ನಿಂತಿದೆ. ಅವಳಿಗೆ ಪರೀಕ್ಷೆ ಬಂತು, ನನಗೆ ಆಲಸ್ಯ ಬಂತು. ಮನೆಗೆ ಒಂದು ಕೆಲಸ ಹೊತ್ತು ತಂದ ಕಣ್ಣೀರು ಅದು. ಆ ಕೆಲಸ ಹಾಗೇ ಬಿದ್ದಿದೆ.

ಕಾಲೇಜಿನ ಹುಡುಗನಿಗೆ ನಾನು ಇಷ್ಟನ್ನೇ ಹೇಳಬೇಕೆಂದಿದ್ದೆ. ಅಳುವವರನ್ನು ನೋಡಿ ನಗಬೇಡ ಮಗು, ಯಾವುದಕ್ಕೆ ಅಳುತ್ತಾರೆಂದು ನೋಡು. ಅವನು ಸಿಕ್ಕಿದಾಗ ಹೇಳಿದೆ ಕೂಡ. ಅವನು ಫೋನಿನಿಂದ ತಲೆ ಎತ್ತಿ, “ಹೌದಜ್ಜ” ಎಂದ. ಮತ್ತೆ ತಲೆ ತಗ್ಗಿಸಿದ.

ಈಗ ಪುಣೆಯ ಉಡುಪಿ ಹೋಟೆಲುಗಳ ಒಳಗೆ ಹೋದರೆ ಕನ್ನಡದ ಮಾತು ಗಲ್ಲಾದ ಹತ್ತಿರ ಮಾತ್ರ ಕೇಳುತ್ತದೆ. ಒಲೆಯ ಮುಂದೆ ಇರುವವರು ಒಡಿಶಾ, ಬಿಹಾರ, ಅಸ್ಸಾಂ, ನೇಪಾಳದ ಹುಡುಗರು. ಮೊನ್ನೆ ಹಳೆಯ ಸ್ನೇಹಿತರನ್ನು ನೋಡಲು ಒಂದು ಹೋಟೆಲಿಗೆ ಹೋಗಿದ್ದೆ. ಮಧ್ಯಾಹ್ನದ ಭರ ಇಳಿದಿತ್ತು. ಹಿಂದಿನ ಓಣಿಯಲ್ಲಿ ಅಕ್ಕಿ ಮೂಟೆಯ ಮೇಲೆ ಒಬ್ಬ ಒಡಿಶಾದ ಹುಡುಗ ಕೂತು ಫೋನಿನಲ್ಲಿ ಚಿತ್ರ ನೋಡುತ್ತಿದ್ದ. ಹೊಳೆ, ತೆಂಗಿನ ಮರ, ಅಂಗಳ ಸಾರಿಸುವ ತಾಯಿ. ಭಾಷೆ ತಿಳಿಯದಿದ್ದರೂ ಇದು ಯಾವ ಬಗೆಯ ಚಿತ್ರ ಎಂದು ನನಗೆ ಗೊತ್ತಾಯಿತು. ಹುಡುಗನ ಕಣ್ಣು ಒದ್ದೆಯಾಗಿತ್ತು. ಪಕ್ಕದಲ್ಲಿ ಕೂತು ಕಥೆ ಏನೆಂದು ಹಿಂದಿಯಲ್ಲಿ ಕೇಳಿದೆ. ಇಬ್ಬರು ಅಣ್ಣತಮ್ಮಂದಿರು, ಅಣ್ಣ ಸೂರತ್ತಿನ ಗಿರಣಿಗೆ ಹೋಗುತ್ತಾನೆ, ತಮ್ಮ ತಾಯಿಯ ಬಳಿ ಉಳಿಯುತ್ತಾನೆ ಎಂದ. ಅಣ್ಣನಿಗೆ ಕೊನೆಗೆ ಏನಾಗುತ್ತದೆ ಎಂದೆ. “ಬರುತ್ತಾನೆ, ಅಮ್ಮನ ಹತ್ತಿರ ಮಾಫಿ ಕೇಳುತ್ತಾನೆ” ಎಂದ.

“ಅವನು ಸೂರತ್ತಿನಿಂದ ಹಣ ಕಳಿಸುತ್ತಿದ್ದನೋ?” ಎಂದು ಕೇಳಿದೆ.

ಹುಡುಗ ಸ್ವಲ್ಪ ಹೊತ್ತು ಯೋಚಿಸಿದ. “ಅದನ್ನು ತೋರಿಸಲಿಲ್ಲ” ಎಂದ.